ಎಕ್ಸ್‌ರೇ ತೆಗೆದದ್ದಾಯಿತು, ಮುಂದೇನು?

ಸಾಗರ ತಾಲ್ಲೂಕಿನ ಹಂದಿಗೋಡು ಅಂದರೆ ಹೊರಗಿನವರಿಗೆ ಊರಿಗಿಂತ ಮೊದಲು ಕಾಯಿಲೆ ನೆನಪಾಗುತ್ತದೆ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಇದು ಬೆಳಕಿಗೆ ಬಂತು. ಸೊಂಟದ ಕೀಲು ನೋವು, ಮಂಡಿ ನೋವು, ಕೆಲವರಿಗೆ ಬೆನ್ನೂ ಬಾಗಿತು, ನಡಿಗೆಯೇ ನಿಂತುಹೋಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇಂಥ ಮನೆಗಳಿವೆ.

ಮೊದಲು ಅನುಮಾನ ಬಿದ್ದದ್ದು ಬಡವರ ತಟ್ಟೆಯ ಮೇಲೆ. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣ ಅಂದರು.

ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ನಡೆಯಿತು. ಎಕ್ಸ್‌ರೇ ತೆಗೆದರು, ಮನೆಮನೆಯ ವಂಶಾವಳಿ ಬರೆದುಕೊಂಡರು. ದೋಷ ಇದ್ದದ್ದು ಮೂಳೆ ಬೆಳೆಯುವ ತುದಿಗಳಲ್ಲಿ. ಸೊಂಟದ ಕೀಲು ಹಾಳಾಗಿತ್ತು, ಕೆಲವರ ಬೆನ್ನುಮೂಳೆಯ ಮಣಿಗಳೂ ಚಪ್ಪಟೆಯಾಗಿದ್ದವು. ಇದು ವಂಶದಲ್ಲಿ ಬರುವ ಕಾಯಿಲೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ.

ಇಷ್ಟು ಗೊತ್ತಿದ್ದ ಮೇಲೂ, ಸೊಂಟ ನೋವು ಅಂತ ಬಂದ ಈ ಮನೆಯ ಹುಡುಗನಿಗೆ ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ ಕೊಟ್ಟು ಕಳಿಸಿದರೆ ಅದನ್ನು ಚಿಕಿತ್ಸೆ ಅಂತ ನಾವು ಒಪ್ಪುವುದಿಲ್ಲ. ನೋವು ಶುರುವಾದಾಗಲೇ ಸೊಂಟ, ಬೆನ್ನಿನ ಎಕ್ಸ್‌ರೇ ಆಗಬೇಕು. ದೊಡ್ಡ ಊರಿನ ಎಂಆರ್‌ಐಗೆ ಕಾಯುವ ಅಗತ್ಯವಿಲ್ಲ. ಕೀಲು ಸವೆದದ್ದು ಸಾದಾ ಎಕ್ಸ್‌ರೇಯಲ್ಲೇ ಕಾಣುತ್ತದೆ.

ಗುಣವಾಗದ ಕಾಯಿಲೆಗೆ ಎಕ್ಸ್‌ರೇ ಯಾಕೆ ಅಂತ ಕೇಳುವವರಿದ್ದಾರೆ. ಕೀಲು ಎಷ್ಟು ಸವೆದಿದೆ ಅಂತ ಗೊತ್ತಾದರೆ ಭಾರ ಹೊರುವ ಕೆಲಸ ಬಿಡಿಸಬಹುದು, ಸರಿಯಾದ ವ್ಯಾಯಾಮ ಹೇಳಿಕೊಡಬಹುದು, ಕೀಲು ಬದಲಿಸುವ ಆಪರೇಷನ್ ಯಾವಾಗ ಬೇಕು ಅಂತ ತೀರ್ಮಾನಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರಕ್ಕೆ ಹೋದಾಗಲೂ ಅದೇ ಫಿಲ್ಮ್ ಸಾಕ್ಷಿ ಹೇಳುತ್ತದೆ.

ಅದಕ್ಕೇ ಫಿಲ್ಮ್ ಮತ್ತು ವರದಿ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರಬೇಕು. ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಅಂತ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮವೇ ಹೇಳುತ್ತದೆ. ಬರೀ ಬಾಯಲ್ಲಿ ಕೇಳಬೇಡಿ. ಬರೆದು ಕೊಡಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಸರ್ಕಾರಕ್ಕೆ ನಮ್ಮ ಮಾತು ಇಷ್ಟೇ. ಬಸ್ಸಿನ ಮೆಟ್ಟಿಲು ಹತ್ತಲಾಗದವರಿಗೆ ಆಸ್ಪತ್ರೆಗೆ ಬನ್ನಿ ಅಂದರೆ ಸಾಲದು. ತಿಂಗಳಿಗೊಂದು ದಿನ ಗೊತ್ತುಮಾಡಿ, ಹಳ್ಳಿಗೆ ವಾಹನ ಕಳಿಸಿ. ಅವತ್ತು ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರೂ ಇರಲಿ, ಎಕ್ಸ್‌ರೇ ತೆಗೆಯುವವರೂ ಇರಲಿ. ಚಿತ್ರದಲ್ಲಿ ಏನಿದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಲಿ.

ತಮ್ಮ ಮೂಳೆಯ ಚಿತ್ರ ಕೊಟ್ಟು ವೈದ್ಯಲೋಕಕ್ಕೆ ಹೊಸ ಕಾಯಿಲೆಯೊಂದನ್ನು ಕಲಿಸಿದ ಜನ ಇವರು. ಆ ಸಾಲ ತೀರಿಸುವುದು ಇನ್ನೂ ಬಾಕಿ ಇದೆ.