ಕರೆಯುವುದು ನಿಮ್ಮನ್ನೋ, ನಿಮ್ಮ ಹಿಂದಿರುವವರನ್ನೋ?

ಖಾನಾಪುರದ ಸಹೋದರಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರ ಬರೆದಿದ್ದಾರೆ. ಅದರ ಸಾರಾಂಶ ಹೀಗಿದೆ. ಮೂರು ವರ್ಷಗಳಿಂದ ಅವರು ಒಂದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಸಾಬೂನು, ಟೂತ್‌ಪೇಸ್ಟ್, ಪ್ರೋಟೀನ್ ಪುಡಿ ಮಾರುತ್ತಿದ್ದಾರೆ. ಅವರನ್ನು ಸೇರಿಸಿದ್ದು ಬೆಳಗಾವಿಯಲ್ಲಿರುವ ಖಾಲಾಳ ಮಗಳು. ಈಗ ಇವರ ಕೆಳಗೆ ಹದಿನಾಲ್ಕು ಮಂದಿ ಮಹಿಳೆಯರಿದ್ದಾರೆ: ನಾದಿನಿ, ನೆರೆಮನೆಯವರು, ಹೊಲಿಗೆ ಕಲಿಯಲು ಬರುವ ಹುಡುಗಿಯರು, ನಂದಗಡ ಮತ್ತು ಲೋಂಡಾದ ಒಂದಿಬ್ಬರು ಸಂಬಂಧಿಕರು. ಇತ್ತೀಚೆಗೆ ಬೆಳಗಾವಿಯ ಮದುವೆಯೊಂದರಲ್ಲಿ ಬೇರೊಂದು ಕಂಪನಿಯ ಮಹಿಳೆ ಇವರ ಪಕ್ಕ ಬಂದು ಕುಳಿತರು. "ಆಪಾ, ಅಲ್ಲಿ ಎಷ್ಟು ದುಡಿದರೂ ಅಷ್ಟೇ. ನಿಮ್ಮ ಟೀಮನ್ನೆಲ್ಲ ಕರೆದುಕೊಂಡು ನಮ್ಮ ಕಡೆ ಬಂದುಬಿಡಿ. ನೀವು ಕೆಳಗಿನಿಂದ ಶುರು ಮಾಡಬೇಕಾಗಿಲ್ಲ, ನೇರವಾಗಿ ಮೇಲಿನ ಹಂತದಲ್ಲೇ ಕೂರಿಸುತ್ತೇವೆ" ಎಂದರು. ಸುದ್ದಿ ಹೇಗೋ ಖಾಲಾಳ ಮಗಳ ಕಿವಿಗೆ ಬಿತ್ತು. ಅಂದಿನಿಂದ ಆಕೆ ಫೋನು ಎತ್ತುತ್ತಿಲ್ಲ.

ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ. ನಾನು ಹೋದರೆ ದ್ರೋಹವಾಗುತ್ತದೆಯೇ? ಇನ್ನೊಬ್ಬರ ಟೀಮಿನಲ್ಲಿರುವ ನನ್ನನ್ನು ಅವರು ಹೀಗೆ ಕರೆದದ್ದು ಸರಿಯೇ?

ಮೊದಲ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ಈ ವ್ಯಾಪಾರದಲ್ಲಿ ಯಾರೂ ಯಾರ ಸ್ವತ್ತೂ ಅಲ್ಲ. 'ಇವಳು ನನ್ನ ಲೈನಿನವಳು' ಎಂಬ ಮಾತು ಸಭೆಗಳಲ್ಲಿ ಬಹಳ ಕೇಳಿಬರುತ್ತದೆ. ಆದರೆ ಸೇರಿಸಿದವರು ನಿಮಗೆ ಸಂಬಳ ಕೊಡುವುದಿಲ್ಲ, ಪಿ.ಎಫ್. ಕಟ್ಟುವುದಿಲ್ಲ, ಮಾರಾಟವಾಗದೆ ಉಳಿದ ಸರಕಿನ ನಷ್ಟವನ್ನೂ ಹೊರುವುದಿಲ್ಲ. ಹಾಗಿರುವಾಗ ಒಡೆತನ ಎಲ್ಲಿಂದ ಬಂತು? ಯಾರನ್ನೇ ಆಗಲಿ ನ್ಯಾಯಬದ್ಧವಾದ ಉದ್ಯೋಗ, ವ್ಯಾಪಾರದಿಂದ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಅಸಿಂಧು ಎಂದು 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಮೇ ಹೇಳುತ್ತದೆ. ಒಪ್ಪಂದ ಜಾರಿಯಲ್ಲಿರುವವರೆಗೆ ಸಹಿ ಹಾಕಿದ ಶರತ್ತುಗಳನ್ನು ಪಾಲಿಸಬೇಕು, ಬಿಡುವಾಗ ಲಿಖಿತವಾಗಿ ತಿಳಿಸಬೇಕು. ಅಷ್ಟು ಮಾಡಿ ಹೊರಟವರನ್ನು ದ್ರೋಹಿ ಎನ್ನುವುದು ನ್ಯಾಯವಲ್ಲ.

ಎರಡನೆಯ ಪ್ರಶ್ನೆಗೆ ಉತ್ತರಿಸುವ ಮೊದಲು, ಇಂತಹ ಕರೆಗಳು ಏಕೆ ಬರುತ್ತವೆ ಎಂಬುದನ್ನು ಅರಿತುಕೊಳ್ಳುವುದು ಒಳ್ಳೆಯದು. ಒಬ್ಬಾಕೆ ಆರು ಮಂದಿಯನ್ನು, ಆ ಆರು ಮಂದಿ ತಲಾ ಆರು ಮಂದಿಯನ್ನು ಸೇರಿಸುತ್ತ ಹೋದರೆ 36, 216, 1,296, 7,776 ಎಂದು ಬೆಳೆಯುತ್ತ ಆರನೆಯ ಸುತ್ತಿಗೆ 46,656 ಆಗುತ್ತದೆ. 2011ರ ಜನಗಣತಿಯ ವೇಳೆ ಖಾನಾಪುರ ಪಟ್ಟಣದಲ್ಲಿ ತೊಟ್ಟಿಲ ಮಕ್ಕಳನ್ನೂ ಸೇರಿಸಿ ಇಪ್ಪತ್ತು ಸಾವಿರ ಜನರೂ ಇರಲಿಲ್ಲ. ಇನ್ನೆರಡು ಸುತ್ತು ಮುಂದೆ ಹೋದರೆ ಐದು ಲಕ್ಷದ ಆಸುಪಾಸಿನ ಬೆಳಗಾವಿ ನಗರವೂ ಸಾಲದು. ಹೊಸಬರು ಸಿಗುವುದು ನಿಂತಾಗ ಉಳಿಯುವ ಸುಲಭದ ದಾರಿ ಒಂದೇ, ಬೇರೆಯವರು ಕಟ್ಟಿದ ಟೀಮನ್ನು ಎತ್ತಿಕೊಂಡು ಬರುವುದು. ಹಾಗೆ ಎತ್ತಿದಾಗ ಊರಿಗೆ ಹೊಸ ಗಿರಾಕಿಯೊಬ್ಬಳೂ ಬರುವುದಿಲ್ಲ. ಅದೇ ಹದಿನಾಲ್ಕು ಮನೆಗಳು ಒಂದು ಹೆಸರಿನ ಸಾಬೂನು ಬಿಟ್ಟು ಇನ್ನೊಂದು ಹೆಸರಿನ ಸಾಬೂನು ಕೊಳ್ಳುತ್ತವೆ. ಕಮಿಷನ್ ಹೋಗುವ ಮನೆ ಮಾತ್ರ ಬದಲಾಗುತ್ತದೆ.

ಬೆಳಗಾವಿಯ ಖಡೇಬಜಾರಿಗೆ ಹೋದವರಿಗೆ ಗೊತ್ತು, ಬಟ್ಟೆ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ತನ್ನ ಅಂಗಡಿಯ ಮುಂದೆ ಹೋಗುವವರನ್ನು ಎಲ್ಲರೂ ಕರೆಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಪಕ್ಕದ ಅಂಗಡಿಯಲ್ಲಿ ಬೆಲೆ ಕುದುರಿಸಿ ಹಣ ತೆಗೆಯುತ್ತಿರುವ ಗಿರಾಕಿಯ ತೋಳು ಹಿಡಿದು 'ಅದನ್ನು ಬಿಡಿ, ನನ್ನಲ್ಲಿ ಕಡಿಮೆಗೆ ಕೊಡುತ್ತೇನೆ' ಎಂದು ಎಳೆಯುವವನನ್ನು ಇಡೀ ಬಜಾರೇ ಛೀಮಾರಿ ಹಾಕುತ್ತದೆ. ಸಹೋದರನ ವ್ಯಾಪಾರ ಕುದುರಿದ ಮೇಲೆ ಅದನ್ನು ಮುರಿದು ತನ್ನ ಸರಕು ಮಾರುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಒಬ್ಬರ ವಿವಾಹ ಪ್ರಸ್ತಾಪದ ಮೇಲೆ ಇನ್ನೊಬ್ಬರು ಪ್ರಸ್ತಾಪ ಕಳುಹಿಸುವುದನ್ನೂ ಅದರೊಂದಿಗೇ ಸೇರಿಸಿ ತಡೆದಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಬೋಧನೆ ಇದೆ. ನಿಶ್ಚಯವಾದ ಹುಡುಗಿಯ ಮನೆಗೆ ಸಂಬಂಧ ಕಳುಹಿಸುವುದು ಎಷ್ಟು ಅಸಹ್ಯವೆಂದು ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ವ್ಯಾಪಾರದ ವಿಷಯದಲ್ಲಿ ಮಾತ್ರ ಅದೇ ಕೆಲಸಕ್ಕೆ 'ಬಿಸಿನೆಸ್' ಎಂಬ ಹೆಸರು ಕೊಟ್ಟು ಸುಮ್ಮನಾಗುತ್ತೇವೆ.

ವಿಶೇಷವೇನೆಂದರೆ, ಈ ಉದ್ಯಮವೂ ಇದನ್ನು ತಪ್ಪೆಂದೇ ಬರೆದುಕೊಂಡಿದೆ. 1978ರಲ್ಲಿ ಸ್ಥಾಪನೆಯಾದ ನೇರ ಮಾರಾಟ ಸಂಘಗಳ ವಿಶ್ವ ಒಕ್ಕೂಟಕ್ಕೆ ಒಂದು ನೀತಿಸಂಹಿತೆ ಇದೆ. ನಮ್ಮ ದೇಶದಲ್ಲಿ 1996ರಲ್ಲಿ ಆರಂಭವಾದ ಇಂಡಿಯನ್ ಡೈರೆಕ್ಟ್ ಸೆಲ್ಲಿಂಗ್ ಅಸೋಸಿಯೇಶನ್ ಕೂಡ ಅದೇ ಹಾದಿಯ ಸಂಹಿತೆಯನ್ನು ಇಟ್ಟುಕೊಂಡಿದೆ. ಒಂದು ಕಂಪನಿ ಇನ್ನೊಂದು ಕಂಪನಿಯ ಮಾರಾಟಗಾರರನ್ನು ವ್ಯವಸ್ಥಿತವಾಗಿ ಆಮಿಷವೊಡ್ಡಿ ಸೆಳೆಯಬಾರದು, ಅದರ ಸರಕನ್ನೂ ಯೋಜನೆಯನ್ನೂ ಅನ್ಯಾಯವಾಗಿ ಹೀಗಳೆಯಬಾರದು ಎಂಬುದು ವಿಶ್ವ ಒಕ್ಕೂಟದ ಸಂಹಿತೆಯ ಆಶಯ. ಇಲ್ಲಿ 'ವ್ಯವಸ್ಥಿತವಾಗಿ' ಎಂಬ ಪದವನ್ನು ಗಮನಿಸಿ. ಬೇಸತ್ತ ಒಬ್ಬಾಕೆ ತಾನಾಗಿ ಬಂದು ಕೇಳಿದರೆ ಹೇಳುವುದು ಬೇರೆ. ಇನ್ನೊಬ್ಬರ ಸಭೆಯ ಹಾಜರಿ ಪಟ್ಟಿ ಹಿಡಿದು, ವಾಟ್ಸ್ಆ್ಯಪ್ ಗುಂಪಿನಿಂದ ನಂಬರು ಹೆಕ್ಕಿ, ಒಬ್ಬೊಬ್ಬರಿಗೇ ಫೋನು ಮಾಡುವುದು ಬೇರೆ. ಆ ನಂಬರುಗಳು ಒಂದು ಕೆಲಸಕ್ಕೆಂದು ನಂಬಿಕೆಯಿಂದ ಕೊಟ್ಟ ಅಮಾನತ್ತು. ಅದನ್ನು ಇನ್ನೊಂದು ಕೆಲಸಕ್ಕೆ ಬಳಸುವುದು ವಂಚನೆಯೇ.

ಆದರೆ ಇಂತಹ ಸಂಹಿತೆ ಕಾಯುವುದು ಹೆಚ್ಚಾಗಿ ಕಂಪನಿಗಳ ಹಿತವನ್ನು. ಪತ್ರದಲ್ಲಿ ಕೇಳದೆ ಉಳಿದ ಮೂರನೆಯ ಪ್ರಶ್ನೆಯೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಆ ಹದಿನಾಲ್ಕು ಮಂದಿಯ ಗತಿಯೇನು?

ಅವರು ಸೇರಿದ್ದು ಕಂಪನಿಯ ಹೆಸರು ನೋಡಿ ಅಲ್ಲ, ಈ ಸಹೋದರಿಯ ಮುಖ ನೋಡಿ. ಅವರಲ್ಲಿ ಕೆಲವರ ಕಪಾಟಿನಲ್ಲಿ ಮಾರಾಟವಾಗದ ಡಬ್ಬಗಳು ಇನ್ನೂ ಇರಬಹುದು. ಮನೆಖರ್ಚಿನಲ್ಲಿ ಉಳಿಸಿದ್ದೋ, ಮಗಳ ಫೀಸಿಗೆ ಇಟ್ಟದ್ದೋ, ಆ ಹಣ ಅಲ್ಲಿ ಸಿಕ್ಕಿಕೊಂಡಿದೆ. ಈಗ ಇವರು 'ಅದು ಸರಿಯಿಲ್ಲ, ಇದು ಒಳ್ಳೆಯದು' ಎಂದರೆ ಅವರು ಮತ್ತೆ ಹೊಸ ಸರಕು ಕೊಳ್ಳಬೇಕು. ಮೇಲಿನವರಿಗೆ ಹಂತ ಸಿಗುತ್ತದೆ, ಕೆಳಗಿನವರಿಗೆ ಸಿಗುವುದು ಇನ್ನೊಂದು ಡಬ್ಬ. ನಾಳೆ ಅಲ್ಲಿಯೂ ಕೈಗೂಡದಿದ್ದರೆ ನಾದಿನಿ ಯಾರನ್ನು ಕೇಳಬೇಕು? ಕಂಪನಿಯ ಮೇಲಿನ ಸಿಟ್ಟು ಕಂಪನಿಗೆ ಮುಟ್ಟುವುದಿಲ್ಲ, ಅದು ಮನೆಯ ಅಡುಗೆಮನೆಯಲ್ಲೇ ಸುತ್ತುತ್ತದೆ. ಖಾಲಾಳ ಮಗಳೊಂದಿಗೆ ಮಾತು ನಿಂತಿರುವುದು ಇದರ ಮೊದಲ ಕಂತು ಮಾತ್ರ.

ಆದ್ದರಿಂದ ಕರೆ ಬಂದಾಗ ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಳ್ಳಿ.

'ನಾನೊಬ್ಬಳೇ ಬರುತ್ತೇನೆ, ನನ್ನ ಹಿಂದೆ ಯಾರೂ ಬರುವುದಿಲ್ಲ. ಆಗಲೂ ಅದೇ ಹಂತ ಕೊಡುತ್ತೀರಾ?' ಎಂದು ಮೊದಲು ಕೇಳಿ. ಉತ್ತರ ತಡವರಿಸಿದರೆ ಅವರಿಗೆ ಬೇಕಾದದ್ದು ನಿಮ್ಮ ಶ್ರಮವೂ ಅಲ್ಲ, ಸಾಮರ್ಥ್ಯವೂ ಅಲ್ಲ, ನಿಮ್ಮನ್ನು ನಂಬಿದವರ ತಲೆಗಳು.

ತಲೆಗಿಷ್ಟು ಎಂದು ಹಣ ಕೊಡುವುದಾಗಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಣ ಚಲಾವಣೆ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. 2021ರ ಡಿಸೆಂಬರಿನಲ್ಲಿ ಹೊರಬಂದ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ಜನರನ್ನು ಸೇರಿಸಿದ್ದಕ್ಕೆ ಲಾಭ ಹಂಚುವ ಪಿರಮಿಡ್ ಯೋಜನೆಗಳನ್ನು ಸ್ಪಷ್ಟವಾಗಿ ತಡೆದಿವೆ. ಸರಕು ಮಾರಿ ಗಳಿಸಿದ್ದು ಸಂಪಾದನೆ. ಜನರನ್ನು ಸಾಗಿಸಿ ಗಳಿಸಿದ್ದನ್ನು ಹಾಗೆನ್ನಲಾಗದು.

ಉಳಿದ ಸರಕನ್ನು ಯಾರು ವಾಪಸು ಪಡೆಯುತ್ತಾರೆ ಎಂದು ಎರಡೂ ಕಡೆ ಕೇಳಿ. ಮಾರಾಟಯೋಗ್ಯ ಸರಕನ್ನು ಕಂಪನಿ ಮರಳಿ ಪಡೆಯುವ ವ್ಯವಸ್ಥೆ ಇರಬೇಕೆಂದು ಕೇಂದ್ರ ಸರಕಾರ 2016ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಬಾಯಿಮಾತು ಸಾಲದು, ಕಾಗದದಲ್ಲಿ ನೋಡಿ.

ಕೊನೆಗೆ, ಮೂರು ವರ್ಷಗಳ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ನೋಡಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಾವಿಯ ಸಭೆಗೆ ಸರಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ಆಟೋ, ಫೋನು, ಚಹಾ, ಹಂತ ಉಳಿಸಿಕೊಳ್ಳಲು ತಾವೇ ಕೊಂಡ ಸರಕು, ಮಕ್ಕಳನ್ನು ಬಿಟ್ಟು ಕಳೆದ ಭಾನುವಾರಗಳು ಇವೆಲ್ಲ ಲೆಕ್ಕಕ್ಕೆ ಬರಬೇಕು. ಇಷ್ಟನ್ನೂ ಕಳೆದ ಮೇಲೆ ಏನೂ ಉಳಿಯದಿದ್ದರೆ ಕಂಪನಿ ಬದಲಿಸುವುದಕ್ಕಿಂತ ಹೊಲಿಗೆ ಯಂತ್ರದ ಮುಂದೆ ಕೂರುವುದೇ ಲೇಸು.

ಇಷ್ಟಾದ ಮೇಲೂ ಹೋಗಬೇಕೆನಿಸಿದರೆ ಧಾರಾಳವಾಗಿ ಹೋಗಿ. ಆದರೆ ಹೋಗುವುದಕ್ಕೂ ಒಂದು ಮರ್ಯಾದೆ ಇದೆ. ಬೇರೆಯವರಿಂದ ತಿಳಿಯುವ ಮೊದಲೇ ಖಾಲಾಳ ಮಗಳ ಮನೆಗೆ ಹೋಗಿ ಹೇಳಬೇಕಿತ್ತು. ಈಗಲಾದರೂ ಹೋಗಿ, ಎದುರು ಕುಳಿತು ಹೇಳಿ. ಬಾಕಿ ಇದ್ದರೆ ಚುಕ್ತಾ ಮಾಡಿ. ಗುಂಪಿನ ಪಟ್ಟಿಯನ್ನು ಅವರಿಗೇ ಒಪ್ಪಿಸಿ. ಹದಿನಾಲ್ಕು ಮಂದಿಯ ಕಪಾಟಿನಲ್ಲಿ ಉಳಿದ ಸರಕು ವಾಪಸಾಗುವಂತೆ ನೋಡಿಕೊಂಡು ಆಮೇಲೆ ಒಬ್ಬರೇ ಹೊರಡಿ. ಯಾರಾದರೂ ತಾವಾಗಿ ಬಂದು 'ಅಲ್ಲಿ ಹೇಗಿದೆ?' ಎಂದು ಕೇಳಿದರೆ ಸಭೆಯಲ್ಲಿ ತೋರಿಸುವ ಅಂಕಿಗಳನ್ನಲ್ಲ, ನಿಮ್ಮ ಕೈಗೆ ಬಂದ ಅಂಕಿಯನ್ನು ಹೇಳಿ.

ಖಾಲಾಳ ಮಗಳಿಗೂ ಒಂದು ಮಾತು ಸಲ್ಲಬೇಕು. ತಂಗಿ ಕಂಪನಿ ಬಿಟ್ಟರೆ ಕಮಿಷನ್ ನಿಲ್ಲಬಹುದು, ಸಲಾಮ್ ನಿಲ್ಲಬೇಕಾಗಿಲ್ಲ. ಆಕೆಯನ್ನು ಸೇರಿಸುವ ಮೊದಲೂ ಈ ಸಂಬಂಧವಿತ್ತು, ಆಗ ಅದಕ್ಕೆ ಪಾಯಿಂಟು ಎಣಿಸುವವರು ಯಾರೂ ಇರಲಿಲ್ಲ.

ಇನ್ನು ಮದುವೆ ಮನೆಗಳಲ್ಲಿ ಪಕ್ಕ ಬಂದು ಕೂರುವ ಸಹೋದರಿಯರೇ, ನಿಮ್ಮ ಸರಕು ನಿಜವಾಗಿ ಒಳ್ಳೆಯದಾಗಿದ್ದರೆ ಅದನ್ನು ಕಟ್ಟಿದ ಟೀಮಿನ ಮೇಲೆ ಪರೀಕ್ಷಿಸಬೇಡಿ. ಯಾವ ಕಂಪನಿಗೂ ಸೇರದ, ಹಿಂದೆ ಯಾರೂ ಇಲ್ಲದ ಒಬ್ಬ ಗೃಹಿಣಿಗೆ ಒಂದು ಸಾಬೂನು ಮಾರಿ ನೋಡಿ. ಆಕೆ ಮುಂದಿನ ತಿಂಗಳು ತಾನಾಗಿ ಎರಡನೆಯದನ್ನು ಕೇಳಿದರೆ ನಿಮ್ಮದು ವ್ಯಾಪಾರ.