ಮನೆಯ ಕೈಕೆಲಸ: ಮಗುವಿಗೊಂದು ಕುರ್ಚಿ

ಮಣೆಯ ಮೇಲೆ ಕುಳಿತು ಉಣ್ಣುತ್ತಿದ್ದಷ್ಟು ಕಾಲ ಮಕ್ಕಳ ಆಸನವೆಂಬ ಪ್ರಶ್ನೆಯೇ ಏಳಲಿಲ್ಲ. ಅಜ್ಜನಿಗೂ ಮಣೆ, ಮೊಮ್ಮಗನಿಗೂ ಮಣೆ. ಪರಸ್ಥಳಕ್ಕೆ ಬಂದು ಎರಡು ಕೋಣೆಯ ಮನೆಯಲ್ಲಿ ಮೇಜು ಕುರ್ಚಿ ಹಾಕಿಕೊಂಡ ಮೇಲೆ ದೊಡ್ಡವರೇನೋ ಸುಖವಾಗಿ ಕುಳಿತೆವು. ಮೂರು ವರ್ಷದ ಕೂಸು ಮಾತ್ರ 18 ಅಂಗುಲ ಎತ್ತರದ ಕುರ್ಚಿಯ ಮೇಲೆ ಕಾಲು ಜೋತುಬಿಟ್ಟು, ಯಾರು ಇಳಿಸುವರೆಂದು ತಾಯಿಯ ಮುಖ ನೋಡುತ್ತಿರುತ್ತದೆ. ತಾನೇ ಕುಳಿತು ತಾನೇ ಏಳುವ ಸ್ವಾತಂತ್ರ್ಯ ಅದಕ್ಕೂ ಬೇಡವೆ?

ಇದನ್ನು ಮನಗಂಡು ನಡೆಸಿ ತೋರಿಸಿದವರು ಇಟಲಿಯ ಡಾ. ಮರಿಯಾ ಮಾಂಟೆಸೋರಿ. 1907ರಲ್ಲಿ ರೋಮಿನಲ್ಲಿ ಶಿಶುಗೃಹವನ್ನು ತೆರೆದ ಅವರು ಭಾರದ ಬೆಂಚುಗಳನ್ನು ಬಿಟ್ಟು ಹಗುರವಾದ ಪುಟ್ಟ ಕುರ್ಚಿಗಳನ್ನು ಮಾಡಿಸಿದರು. ಮೊದಲು ಯೋಚಿಸಿದ್ದು ಬೆತ್ತದ ಆಸನ. ಅದು ಬೇಗ ಸವೆಯುವುದನ್ನು ಕಂಡು ಪೂರ್ತಿ ಮರದ್ದನ್ನೇ ಮಾಡಿಸಿದುದಾಗಿ ಅವರೇ ಬರೆದಿದ್ದಾರೆ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟವರೂ ಇವರೇ.

ಇನ್ನು ಕೆಲಸಕ್ಕೆ ಬರೋಣ. ಗರಗಸ, ಉಳಿ, ಕೊಡತಿ, ಕೀಸುಳಿ, ಒಂದು ಮೂಲೆಮಟ್ಟ ಇದ್ದರೆ ಬಾಲ್ಕನಿಯೇ ಕಾರ್ಖಾನೆ. (ಕೆಳಗಿನ ಮಹಡಿಯವರು ಮಧ್ಯಾಹ್ನ ಮಲಗುವ ಹೊತ್ತನ್ನು ತಿಳಿದುಕೊಂಡಿರುವುದು ಮೇಲು.) ಅಳತೆಯನ್ನು ಅಂಗಡಿಯ ಕುರ್ಚಿಯಿಂದ ತೆಗೆಯಬಾರದು, ಮಗುವಿನಿಂದಲೇ ತೆಗೆಯಬೇಕು. ಪಾದ ಪೂರ್ತಿ ನೆಲಕ್ಕೂರುವಂತೆ ಕೂರಿಸಿ, ನೆಲದಿಂದ ಮೊಣಕಾಲಿನ ಹಿಂಬದಿಯವರೆಗೆ ಅಳೆಯಿರಿ. ಅದೇ ಆಸನದ ಎತ್ತರ. ಮೂರು ವರ್ಷಕ್ಕೆ ಸುಮಾರು 10 ಅಂಗುಲ, ಐದಾರು ವರ್ಷಕ್ಕೆ 12 ಬಂದೀತು. ಬೆನ್ನು ಒರಗಿದಾಗ ಆಸನದ ಅಂಚಿಗೂ ಮೊಣಕಾಲ ಹಿಂಬದಿಗೂ ನಡುವೆ ಎರಡು ಬೆರಳು ತೂರಬೇಕು. ಅಂಗಿ ಹೊಲಿಸುವಂತೆ ‘ಬೆಳೆಯುವ ಅಳತೆ’ ಇಡುವ ನಮ್ಮ ಮಿತವ್ಯಯ ಇಲ್ಲಿ ಸಲ್ಲದು.

ಮಕ್ಕಳು ಕುರ್ಚಿಯಲ್ಲಿ ಕೂರುವುದಕ್ಕಿಂತ ತೂಗಾಡುವುದೇ ಹೆಚ್ಚು. ಹಿಂಗಾಲುಗಳು ನೆಟ್ಟಗಿದ್ದರೆ ಕುರ್ಚಿ ಹಿಂದಕ್ಕೆ ಮಗುಚಿ ತಲೆಗೆ ಪೆಟ್ಟಾಗಬಹುದು. ಆದ್ದರಿಂದ ಹಿಂಗಾಲಿನ ತುದಿ ಬೆನ್ನೊರಗಿನ ಮೇಲಂಚಿಗಿಂತ ಹಿಂದಕ್ಕೆ ಚಾಚಿರಲಿ. ಬರಿಯ ಮೊಳೆಯನ್ನೂ ನಂಬಬೇಡಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರದಲ್ಲಿ ಅದು ಸಡಿಲಾಗುತ್ತದೆ. ಕಾಲಿನಲ್ಲಿ ಕಂಡಿ ತೋಡಿ, ಅಡ್ಡಪಟ್ಟಿಯ ತುದಿಯನ್ನು ಅಂಟು ಸವರಿ ಬಿಗಿಯಾಗಿ ಕೂರಿಸಿ. ಸುತ್ತಲೂ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಒಂದು ದಿನ ಬಿಟ್ಟರೆ ಬೇರೆ ಯಂತ್ರವೇ ಬೇಡ. ಸಾಮಾನು ಬರುವ ಪೆಟ್ಟಿಗೆಯ ಹಲಗೆಯೂ ಆದೀತು. ಆದರೆ ಕಾಲುಗಳಿಗೆ ಗಂಟಿಲ್ಲದ ಮರವನ್ನೇ ಆರಿಸಿ. ನಾಲ್ಕು ಕಾಲೂ ನೆಲಕ್ಕೆ ಹೊಂದದಿದ್ದರೆ ಉದ್ದನೆಯದು ಯಾವುದೆಂದು ಗುರುತು ಹಾಕಿ ಅದನ್ನೇ ಸವರಿ. ಕಣ್ಣಂದಾಜಿನಲ್ಲಿ ಒಂದಾದ ಮೇಲೊಂದನ್ನು ಕೊಯ್ಯುತ್ತ ಹೋದರೆ ಕುರ್ಚಿ ಕಡೆಗೆ ಮಣೆಯೇ ಆದೀತು!

ಬಣ್ಣದ ವಿಷಯದಲ್ಲಿ ಮಾತ್ರ ನಾವು ತುಸು ನಿಷ್ಠುರರು. ಅಟ್ಟದ ಮೇಲಿನ ಹಳೆಯ ಡಬ್ಬವನ್ನು ತೆರೆಯಲೇಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಕುರ್ಚಿಯ ಬೆನ್ನನ್ನು ಕಚ್ಚಿ ನೋಡದ ಮಗುವುಂಟೆ? ಸೀಸವಿಲ್ಲವೆಂದು ಬರೆದಿರುವ ಹೊಸ ಡಬ್ಬ ತನ್ನಿ. ಮೂಲೆಗಳನ್ನು ಮರಳು ಕಾಗದದಿಂದ ಉಜ್ಜಿ ಗುಂಡಾಗಿಸಿ, ಬಣ್ಣ ಹಚ್ಚಿ, ವಾಸನೆ ಹೋಗುವ ತನಕ ಗಾಳಿಗಿಡಿ. ಆಮೇಲೆ ಮಗುವಿನ ಕೈಗೇ ಕೊಟ್ಟುಬಿಡಿ. ಎಲ್ಲಿ ಇಡಬೇಕೆಂಬುದನ್ನು ಅದೇ ಗೊತ್ತುಮಾಡಲಿ.