ಹೇಮಂತದಲ್ಲಿ ಬೈಸಿಕಲ್ ಪ್ರಯಾಣ

ಸಂಕ್ರಾಂತಿಯ ರಜೆಯಲ್ಲಿ ಬೈಸಿಕಲ್ಲಿನ ಮೇಲೆ ಮೈಸೂರಿಗೆ ಹೋಗಿಬರಬೇಕೆಂದು ಹಠತೊಟ್ಟಿರುವ ತಮ್ಮ ಕುಮಾರನಿಗೆ ಯಾವ ಮಾರ್ಗವನ್ನು ಹೇಳಬೇಕೆಂದು ಬೆಂಗಳೂರಿನ ಗೃಹಸ್ಥರೊಬ್ಬರು ನಮ್ಮನ್ನು ಕೇಳಿರುತ್ತಾರೆ. ತರುಣರ ಉತ್ಸಾಹವನ್ನು ಅಡಗಿಸುವುದು ಉಚಿತವಲ್ಲ. ಮಾರ್ಗವನ್ನು ಗೊತ್ತುಮಾಡದೆ ಕಳುಹಿಸುವುದಂತೂ ಸರ್ವಥಾ ಅನುಚಿತ.

ಎಲ್ಲರೂ ಮೊದಲು ವಿಚಾರಿಸುವುದು ದೂರವನ್ನು. ನಾವಾದರೋ ಮೊದಲು ಹಗಲನ್ನು ಲೆಕ್ಕಮಾಡಿರೆನ್ನುವೆವು. ಜನವರಿಯ ಮಧ್ಯದಲ್ಲಿ ಈ ಪ್ರಾಂತದ ಸೂರ್ಯೋದಯವು ಸುಮಾರು 6 ಗಂಟೆ 45 ನಿಮಿಷಕ್ಕೆ, ಅಸ್ತಮಯವು 6 ಗಂಟೆ 10 ನಿಮಿಷದ ಸುಮಾರಿಗೆ. ಡಿಸೆಂಬರ್ 22 ಕಳೆದರೆ ಹಗಲು ಬೆಳೆಯುವುದೆಂದು ಶಾಲೆಯಲ್ಲಿ ಓದಿದವರು ಬೆಳಗೂ ಬೇಗನೆ ಆಗುವುದೆಂದು ಎಣಿಸುತ್ತಾರೆ. ನಮ್ಮ ಸೀಮೆಯಲ್ಲಿ ಜನವರಿಯ ಮೂರನೆಯ ವಾರದವರೆಗೂ ಸೂರ್ಯೋದಯವು ತಡವಾಗುತ್ತಲೇ ಹೋಗುತ್ತದೆ. ಲಾಭವೆಲ್ಲವೂ ಸಂಜೆಯ ಪಾಲಿಗೆ. ಅದರ ಮೇಲೆ ಕೆರೆಯಂಗಳ, ಗದ್ದೆಯ ಬಯಲುಗಳಲ್ಲಿ ಕವಿಯುವ ಮಂಜು. ಆದಕಾರಣ ಏಳೂವರೆಗೆ ಮುಂಚೆ ಹೊರಡಕೂಡದು, ಸಂಜೆ ಐದಾದ ಮೇಲೆ ತುಳಿಯಕೂಡದು. ಹೊಸಬನು ಗಂಟೆಗೆ 15 ಕಿಲೋಮೀಟರಿನಂತೆ ಹೋದರೆ ಸುಮಾರು 145 ಕಿಲೋಮೀಟರಿನ ಈ ದಾರಿಗೆ ತುಳಿತವೇ ಹತ್ತು ಗಂಟೆಗಳಷ್ಟಾಗುವುದು. ಊಟ ವಿಶ್ರಾಂತಿಗಳಿಗೆ ಎಡೆಯೇ ಇಲ್ಲ. ಮೊದಲ ದಿನ ಮಂಡ್ಯಕ್ಕೆ, ಅಂದರೆ ಸುಮಾರು 100 ಕಿಲೋಮೀಟರಿಗೆ, ಪ್ರಯಾಣವನ್ನು ಮುಗಿಸಲಿ. ದಣಿದರೆ ಮದ್ದೂರಿನಲ್ಲಿಯೇ ತಂಗಲಿ.

2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿಯೂ, ಊರುಗಳು ಬಂದಾಗ ಊರೊಳಗಣ ಹಳೆಯ ರಸ್ತೆಯಲ್ಲಿಯೂ ಹೋಗತಕ್ಕದ್ದು. ಕನಕಪುರ, ಮಳವಳ್ಳಿ, ಬನ್ನೂರುಗಳ ಮೇಲಣ ದಾರಿಯನ್ನು ಕೆಲವರು ಹೊಗಳುವರು. ಪಳಗಿದವರಿಗೆ ಅದು ಆಗಬಹುದು. ಆದರೆ ಅಲ್ಲಿ ರೈಲಿಲ್ಲ. ಹಳೆಯ ದಾರಿಯಲ್ಲಾದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಿಯೂ ನಿಲ್ದಾಣವುಂಟು. ಕಾಲು ಸೋತರೆ, ಜ್ವರ ಬಂದರೆ, ಚಕ್ರ ಮುರಿದರೆ, ಸೈಕಲ್ಲನ್ನು ಪರಿಚಿತರಲ್ಲಿ ಬಿಟ್ಟಾದರೂ ಹುಡುಗನು ಮನೆ ಸೇರಬಹುದು. ತಾಯ್ತಂದೆಗಳಿಗೆ ಇದಕ್ಕಿಂತ ದೊಡ್ಡ ಸಮಾಧಾನವು ಬೇರೊಂದಿಲ್ಲ.

ಈ ಕಾಲದ ಒಂದು ವಿಶೇಷ ಅಪಾಯವೆಂದರೆ ಒಕ್ಕಣೆ. ರಾಗಿ, ಹುರುಳಿಗಳನ್ನು ಕೊಯ್ದ ರೈತರು ಅವನ್ನು ರಸ್ತೆಯ ಮೇಲೆ ಹರಡುತ್ತಾರೆ. ಕಣ ಮಾಡಲು ಅವರಿಗೆ ಸ್ಥಳವೆಲ್ಲಿ ಎಂಬುದನ್ನೂ ನಾವು ಬಲ್ಲೆವು. ಆದರೂ ಹುಲ್ಲು ಚಕ್ರಕ್ಕೂ ಸರಪಣಿಗೂ ಸುತ್ತಿಕೊಳ್ಳುತ್ತದೆ. ಉದುರಿದ ಕಾಳಿನ ಮೇಲೆ ಚಕ್ರವು ಜಾರುತ್ತದೆ. ಅಡಿಯಲ್ಲಿ ಕಲ್ಲಿದ್ದರೆ ಕಾಣುವುದಿಲ್ಲ. ಇಳಿದು ತಳ್ಳಿಕೊಂಡು ಹೋಗಲಿ, ಮಾನಕ್ಕೇನೂ ಕುಂದಿಲ್ಲ. ಮಂಡ್ಯದ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳೂ ಉಂಟು. ಎರಡು ಪಕ್ಕಕ್ಕೂ ಚಾಚಿದ ಹೊರೆ, ಅನೇಕ ವೇಳೆ ಹಿಂಭಾಗದಲ್ಲಿ ದೀಪವಿಲ್ಲ. ಸಂಜೆ ಐದರ ನಿಯಮವನ್ನು ನಾವು ಹೇಳಿದುದು ಮುಖ್ಯವಾಗಿ ಇವುಗಳಿಗಾಗಿ.

ಇನ್ನು ಹಿಂದಿರುಗುವ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮೈಸೂರು ಸುಮಾರು 770. ಈ ಋತುವಿನಲ್ಲಿ ಗಾಳಿಯೂ ಹೆಚ್ಚಾಗಿ ಈಶಾನ್ಯದಿಂದ ಬೀಸುವುದು. ಹೋಗುವಾಗ ಬೆನ್ನನ್ನು ತಳ್ಳಿದ ಗಾಳಿಯು ಬರುವಾಗ ಎದೆಗೆ ಅಡ್ಡ ನಿಲ್ಲುವುದು. ಆದಕಾರಣ ಹೋಗುವುದು ಸೈಕಲ್ಲಿನಲ್ಲಿ, ಬರುವುದು ರೈಲಿನಲ್ಲಿ ಎಂದು ಮನೆಯಲ್ಲಿಯೇ ಒಪ್ಪಂದವಾಗಲಿ. ಸೈಕಲ್ಲನ್ನು ಒಯ್ಯುವ ರೈಲು ಯಾವುದೆಂಬುದನ್ನು ಹೊರಡುವ ಮುಂಚಿತವಾಗಿಯೇ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿಟ್ಟುಕೊಳ್ಳತಕ್ಕದ್ದು.